ಚಳಿಗಾಲದ ಕಡಲಂಚಿನಲ್ಲಿ 7×50 ಬೈನಾಕ್ಯುಲರ್: ಎರಡು ವರ್ಷದ ಬಳಕೆಯ ನಂತರ

ದಡದಲ್ಲಿ ನಿಂತು ಗಾಳ ಹಾಕುವವನಿಗೆ ಮೀನು ಸಿಗುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚು. ಆ ಹೊತ್ತಿಗೆಂದೇ ಕೊಂಡ ಈ ಜಲನಿರೋಧಕ ಬೈನಾಕ್ಯುಲರನ್ನು ಎರಡು ಚಳಿಗಾಲ ಬಳಸಿದ್ದೇನೆ.

ಇದರ ಮುಖ್ಯ ಗುಣ ಬೆಳಕು. 50 ಮಿ.ಮೀ. ಮಸೂರವನ್ನು 7 ಪಟ್ಟು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆ ಸುಮಾರು 7 ಮಿ.ಮೀ. ಅಗಲವಿರುತ್ತದೆ; ಅದು ಕತ್ತಲಿಗೆ ಒಗ್ಗಿದ ಎಳೆಯ ಕಣ್ಣಿನ ಪಾಪೆಯ ಅಳತೆ. (ನನ್ನ ಪಾಪೆ ಈಗ ಅಷ್ಟು ಅರಳುವುದಿಲ್ಲ, ಆ ಮಾತು ಬೇರೆ.) ಸೂರ್ಯ ಹುಟ್ಟುವ ಮುನ್ನ ಬರಿಗಣ್ಣಿಗೆ ಬಂಡೆಯ ಮೇಲಿನ ಕರಿಯ ಮೂಟೆಯಂತೆ ಕಂಡದ್ದು, ಇದರಲ್ಲಿ ನೋಡಿದಾಗ ರೆಕ್ಕೆ ಹರವಿ ನಿಂತ ನೀರುಕಾಗೆಯಾಗಿತ್ತು, ಅದರ ಕೊಕ್ಕಿನ ಕೊಕ್ಕೆಯಿಂದ ಹನಿ ಜಾರಿದ್ದೂ ಕಾಣಿಸಿತು. 10 ಪಟ್ಟಿನದು ಗಾಳಿಗೆ ಕೈಯಲ್ಲಿ ನಡುಗುತ್ತದೆ, ಇದು ಅಷ್ಟು ನಡುಗುವುದಿಲ್ಲ.

ಮೀನಿನ ಮಟ್ಟಿಗೆ ಹೇಳುವುದಾದರೆ, ದೂರದ ಹಕ್ಕಿಗಳು ಸುಮ್ಮನೆ ತೇಲುತ್ತಿವೆಯೋ ಅಥವಾ ರೀವಗಳು (ಟರ್ನ್ ಹಕ್ಕಿಗಳು) ತಲೆಕೆಳಗಾಗಿ ಮತ್ತೆ ಮತ್ತೆ ಧುಮುಕುತ್ತಿವೆಯೋ ಎಂಬುದು ತಿಳಿಯುತ್ತದೆ. ಧುಮುಕುತ್ತಿದ್ದರೆ ಸಣ್ಣ ಮೀನು ಮೇಲ್ಮೈಗೆ ಬಂದಿದೆ, ಅದನ್ನು ಅಟ್ಟಿದ ದೊಡ್ಡ ಮೀನು ಕೆಳಗಿರಬಹುದು ಎಂದರ್ಥ. ಮರಳಿನ ಮೇಲೆ ವೃಥಾ ನಡೆದಾಡುವುದು ಇದರಿಂದ ಎಷ್ಟೋ ಸಲ ತಪ್ಪಿದೆ.

ಡಿಸೆಂಬರ್, ಜನವರಿಯ ಶುಭ್ರ ರಾತ್ರಿಗಳಲ್ಲಿ ಕೃತ್ತಿಕೆಯ ಗುಂಪು ಇಡಿಯಾಗಿ ಇದರ ನೋಟದೊಳಗೆ ಕೂರುತ್ತದೆ. ಮಹಾವ್ಯಾಧನ ನಡುಪಟ್ಟಿಯ ಕೆಳಗಿನ ನೀಹಾರಿಕೆ ಬೂದುಬಣ್ಣದ ಮಸುಕಾಗಿ ತೋರುತ್ತದೆ. ಚಂದ್ರನ ಪರಿವೇಷಕ್ಕೆ ಮಾತ್ರ ಇದು ಒದಗದು: ಎತ್ತರದ ತೆಳುಮೋಡದ ಹಿಮಹರಳುಗಳಿಂದ ಮೂಡುವ ಆ ಬಳೆಯ ತ್ರಿಜ್ಯವೇ 22 ಡಿಗ್ರಿ, ಇದರ ನೋಟದ ಅಗಲ 7 ಡಿಗ್ರಿ. ಬಳೆಯನ್ನು ಬರಿಗಣ್ಣಿನಲ್ಲೇ ನೋಡಿ, ಮರುದಿನ ಮಳೆ ಬಂದೀತೆಂದು ರೇನ್‌ಕೋಟ್ ಒಳಗಿಟ್ಟುಕೊಳ್ಳುವುದು ಲೇಸು.

ದೋಷಗಳೂ ಇವೆ. ಎರಡು ಕಣ್ಣಿಗೂ ಫೋಕಸ್ ಬೇರೆಬೇರೆ ತಿರುಗಿಸಬೇಕಾದ್ದರಿಂದ ಕಾಲ ಬುಡದಲ್ಲೇ ಓಡಾಡುವ ಹಕ್ಕಿ, ಅದನ್ನು ಸರಿಪಡಿಸುವಷ್ಟರಲ್ಲಿ ಹಾರಿಹೋಗಿರುತ್ತದೆ. ತೂಕ ಹೆಚ್ಚುಕಡಿಮೆ ಒಂದು ಕಿಲೋ. ಒಳಗೆ ನೈಟ್ರೋಜನ್ ತುಂಬಿರುವುದರಿಂದ ಒಳಗಾಜು ಮಂಜಾಗುವುದಿಲ್ಲ, ಆದರೆ ನಮ್ಮದೇ ಉಸಿರು ಹೊರಗಾಜಿನ ಮೇಲೆ ಕೂರುವುದನ್ನು ಯಾವ ಅನಿಲವೂ ತಡೆಯದು. ಉಪ್ಪಿನ ಹನಿಯನ್ನು ಒಣಬಟ್ಟೆಯಿಂದ ಒರೆಸಿದರೆ ಹರಳುಗಳು ಗಾಜನ್ನು ಗೀರುತ್ತವೆ. ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು. ಎಡಗಣ್ಣಿನ ರಬ್ಬರ್ ಬಟ್ಟಲು ಎರಡನೆಯ ಚಳಿಗಾಲದಲ್ಲೇ ಬಿರಿಯಿತು. ತಯಾರಕರಿಗೆ ಎರಡು ಸಲ ಬರೆದರೂ ಉತ್ತರ ಬಾರದ ಕಾರಣ ಅದನ್ನೀಗ ಗಾಳದ ದಾರದಿಂದಲೇ ಸುತ್ತಿ ಕಟ್ಟಿದ್ದೇನೆ.