ರಾಜಕೀಯ, ಹೊರದೇಶದ ಸುದ್ದಿಗೆ ಪಾಡ್‌ಕಾಸ್ಟ್: ಗಂಗಾವತಿಯ ಅಕ್ಕಿ ಗಿರಣಿಯಿಂದ ಒಂದು ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ರಾಜಕೀಯ ಮತ್ತು ಹೊರದೇಶದ ಸಂಗತಿ ಅರ್ಥ ಮಾಡಿಕೊಳ್ಳಲು ಪಾಡ್‌ಕಾಸ್ಟ್, ಅಂದರೆ ಫೋನಿನಲ್ಲಿ ಬೇಕಾದಾಗ ಕೇಳುವ ಮಾತಿನ ಕಾರ್ಯಕ್ರಮ, ಒಳ್ಳೆಯ ದಾರಿ. ರಾತ್ರಿ ಒಂಬತ್ತರ ಟಿವಿ ಚರ್ಚೆಗಿಂತ ಎಷ್ಟೋ ಪಾಲು ವಾಸಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಳೆದೆ ಅನ್ನುವುದೂ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಕೇಳಲು ಶುರು ಮಾಡಿದವನು ನಾನು. ಇವತ್ತಿಗೂ ಬಿಟ್ಟಿಲ್ಲ.

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಕೊಪ್ಪಳದಲ್ಲಿ. ದಿನಾ ಬಸ್ಸು. ಹೋಗುವಾಗ ಒಂದು, ಬರುವಾಗ ಒಂದು ಎಪಿಸೋಡ್ ಆರಾಮಾಗಿ ಮುಗಿಯುತ್ತದೆ. ಈ ವಿವರ ಯಾಕೆ ಅಂದರೆ, ನನಗೆ ಅಕ್ಕಿಯ ವ್ಯವಹಾರ ಗೊತ್ತು. ಉಕ್ರೇನ್ ಗೊತ್ತಿಲ್ಲ, ಗಾಜಾ ಗೊತ್ತಿಲ್ಲ, ತೈವಾನ್ ಗೊತ್ತಿಲ್ಲ. ಹಾಗಾಗಿ ಹೊಸ ಪಾಡ್‌ಕಾಸ್ಟ್ ಸಿಕ್ಕರೆ ಮೊದಲು ಅದರ ಹಳೆಯ ಎಪಿಸೋಡ್‌ಗಳಲ್ಲಿ ಅಕ್ಕಿ, ಗೋಧಿ, ರಫ್ತು, ಬೆಂಬಲ ಬೆಲೆ ಅಂತ ಏನಾದರೂ ಇದೆಯಾ ಎಂದು ಹುಡುಕುತ್ತೇನೆ. ನನಗೆ ಗೊತ್ತಿರುವ ವಿಷಯವನ್ನು ಅವರು ಸರಿಯಾಗಿ ಹೇಳಿದರೆ, ಗೊತ್ತಿಲ್ಲದ ವಿಷಯದಲ್ಲೂ ಅವರ ಮಾತಿಗೆ ಕಿವಿ ಕೊಡುತ್ತೇನೆ. ಅಕ್ಕಿಯ ವಿಷಯದಲ್ಲೇ ತೇಲಿಸಿ ಮಾತಾಡಿದರೆ, ತೈವಾನ್ ಬಗ್ಗೆ ಎಷ್ಟು ಧೈರ್ಯವಾಗಿ ಹೇಳಿದರೂ ನನಗೆ ಬೇಡ.

2023ರ ಜೂನ್, ಜುಲೈ ನೆನಪು ಮಾಡಿಕೊಳ್ಳಿ. ರಾಜ್ಯದಲ್ಲಿ ಹೊಸ ಸರ್ಕಾರ ಬಂದಿತ್ತು. ಅನ್ನಭಾಗ್ಯಕ್ಕೆ ಇನ್ನೂ 5 ಕೆಜಿ ಅಕ್ಕಿ ಬೇಕಾಗಿತ್ತು. ಅದೇ ಜೂನ್‌ನಲ್ಲಿ ಕೇಂದ್ರ ಸರ್ಕಾರ ಭಾರತೀಯ ಆಹಾರ ನಿಗಮದ (ಎಫ್‌ಸಿಐ) ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ರಾಜ್ಯ ಸರ್ಕಾರ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ಒಬ್ಬರಿಗೆ 170 ರೂಪಾಯಿ ಕೊಡಲು ಶುರು ಮಾಡಿತು. ಜುಲೈ 17ಕ್ಕೆ ರಷ್ಯಾ, ಉಕ್ರೇನಿನ ಧಾನ್ಯದ ಹಡಗುಗಳಿಗೆ ದಾರಿ ಬಿಡುವ ಕಪ್ಪು ಸಮುದ್ರದ ಧಾನ್ಯ ಒಪ್ಪಂದದಿಂದ ಹೊರಬಂತು. ಮೂರೇ ದಿನಕ್ಕೆ, ಜುಲೈ 20ಕ್ಕೆ, ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ನಮ್ಮ ಜನ ಸೋನಾ ಮಸೂರಿಗೆ ಮುಗಿಬಿದ್ದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು.

ಟಿವಿಯಲ್ಲಿ ಇದೆಲ್ಲ ಬೇರೆ ಬೇರೆ ಜಗಳಗಳಾಗಿ ಬಂತು. ಒಂದು ಕಡೆ ಕೇಂದ್ರ ಮತ್ತು ರಾಜ್ಯದ ಜಗಳ, ಇನ್ನೊಂದು ಕಡೆ ರಷ್ಯಾ, ಮತ್ತೊಂದು ಕಡೆ ಅಮೆರಿಕದ ವಿಡಿಯೋ. ಪಾಡ್‌ಕಾಸ್ಟ್‌ಗಳನ್ನು ಕೇಳುತ್ತಾ ಹೋದಾಗ ಇವು ಒಂದಕ್ಕೊಂದು ಸೇರಿಕೊಂಡವು. ಎಲ್ ನಿನೊ ವರ್ಷ, ಮಳೆ ಕೈಕೊಡುವ ಭಯ. ಮುಂದಿನ ವರ್ಷ ಲೋಕಸಭೆ ಚುನಾವಣೆ, ಬೆಲೆ ಏರಿದರೆ ಕಷ್ಟ. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಭಾರತದ ಪಾಲು ಸುಮಾರು ಶೇಕಡಾ 40. ಇಲ್ಲಿ ಬಾಗಿಲು ಹಾಕಿದರೆ ಆಫ್ರಿಕಾದ ಅಡುಗೆಮನೆಯಲ್ಲಿ ಗೊತ್ತಾಗುತ್ತದೆ. ಮಳೆಯ ಭಯ ನಿಜವೇ ಆಯಿತು. ಆ ವರ್ಷ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು.

ಆ ದಿನಗಳಲ್ಲೇ ನಾನು ಕೇಳುವ ಪಾಡ್‌ಕಾಸ್ಟ್‌ಗಳ ಪಟ್ಟಿ ಅರ್ಧ ಆಯಿತು. ಬಿಳಿ ಅಕ್ಕಿ, ಕುಸುಬಲಕ್ಕಿ, ನುಚ್ಚು, ಬಾಸ್ಮತಿ ಎಲ್ಲ ಒಂದೇ ಅನ್ನುವ ಹಾಗೆ ಮಾತಾಡಿದವರನ್ನು ಬಿಟ್ಟೆ. ನುಚ್ಚಿನ ರಫ್ತು 2022ರ ಸೆಪ್ಟೆಂಬರ್‌ನಲ್ಲೇ ನಿಂತಿತ್ತು. ಅದಕ್ಕೂ ಮುಂಚೆ ನಮ್ಮ ದೇಶದ ನುಚ್ಚಿಗೆ ಚೀನಾ ದೊಡ್ಡ ಗಿರಾಕಿ. ಕುಸುಬಲಕ್ಕಿಗೆ ನಿಷೇಧ ಇರಲಿಲ್ಲ, 2023ರ ಆಗಸ್ಟ್ ಕೊನೆಗೆ ಶೇಕಡಾ 20 ರಫ್ತು ಸುಂಕ ಬಿತ್ತು. ಈ ವ್ಯತ್ಯಾಸ ತಿಳಿದು ಮಾತಾಡಿದವರು ಯಾರು ಅಂತ ನೋಡಿದರೆ ಸಾಕು, ಯಾರು ಓದಿಕೊಂಡು ಬಂದಿದ್ದಾರೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಚಿಕ್ಕ ಪರೀಕ್ಷೆಯೂ ಇದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಆಮೇಲೆ ಮಾರುಕಟ್ಟೆಯಲ್ಲಿ 26 ಕೆಜಿ ಚೀಲ ಕಾಣಿಸಿತು. ಜಿಎಸ್‌ಟಿ ಮಂಡಳಿಯ ತೀರ್ಮಾನ ಮನೆಯ ಅಕ್ಕಿ ಚೀಲದ ತೂಕ ಬದಲಿಸಿದ್ದು ಹೇಗೆ ಅಂತ ಹೇಳುವವರು ನನಗೆ ಇಷ್ಟ. ನೀತಿ ಅಂದರೆ ಕೊನೆಗೆ ಇಲ್ಲಿಗೇ ಬಂದು ನಿಲ್ಲುವುದು, ಅಲ್ವಾ?

ಈಗ ನನ್ನ ಫೋನಿನಲ್ಲಿ ಉಳಿದಿರುವವು. ಬೆಳಗ್ಗೆಗೆ ಬಿಬಿಸಿಯ ಗ್ಲೋಬಲ್ ನ್ಯೂಸ್ ಪಾಡ್‌ಕಾಸ್ಟ್. ವಾರದ ದಿನಗಳಲ್ಲಿ ದಿನಕ್ಕೆ ಎರಡು ಸಲ ಬರುತ್ತದೆ. ಏನಾಯಿತು ಅಂತ ತಿಳಿಯಲು ಸಾಕು, ಯಾಕಾಯಿತು ಅನ್ನುವುದಕ್ಕೆ ಅಲ್ಲಿ ಜಾಗ ಕಡಿಮೆ. ದೇಶದ ಸುದ್ದಿಗೆ ಇಂಡಿಯನ್ ಎಕ್ಸ್‌ಪ್ರೆಸ್‌ನ ಥ್ರೀ ಥಿಂಗ್ಸ್. ಹೆಚ್ಚಾಗಿ ಸುದ್ದಿ ಬರೆದ ವರದಿಗಾರರನ್ನೇ ಕೂರಿಸಿ ಕೇಳುತ್ತಾರೆ. ಅವರು ಸ್ಥಳಕ್ಕೆ ಹೋಗಿ ಬಂದಿರುತ್ತಾರೆ, ಹಾಗಾಗಿ ಮಾತಿನಲ್ಲಿ ತೂಕ ಇರುತ್ತದೆ. ಒಂದೇ ವಿಷಯ ಸ್ವಲ್ಪ ಆಳವಾಗಿ ಬೇಕು ಅಂದರೆ ದಿ ಹಿಂದೂ ಪತ್ರಿಕೆಯ ಇನ್ ಫೋಕಸ್. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಆಲ್ ಥಿಂಗ್ಸ್ ಪಾಲಿಸಿ ಕೂಡ ಬಸ್ ಪ್ರಯಾಣಕ್ಕೆ ಸರಿಯಾದ ಅಳತೆ. ಕಂಪ್ಯೂಟರ್ ಚಿಪ್, ಬಾಹ್ಯಾಕಾಶ, ಚೀನಾ ಇಂಥ ವಿಷಯಗಳಿಗೆ ಅದು ಚೆನ್ನಾಗಿದೆ. ಹಿಂದಿ ಬರುವವರಿಗೆ ಪುಲಿಯಾಬಾಜಿ ಇದೆ, ಗೆಳೆಯರು ಕಟ್ಟೆ ಮೇಲೆ ಕೂತು ಮಾತಾಡಿದಂತೆ ಇರುತ್ತದೆ. ಭಾರತದ ಚುನಾವಣೆ, ಪಕ್ಷಗಳ ಬಗ್ಗೆ ಸಂಶೋಧನೆ ಮಾಡಿದವರ ಮಾತು ಬೇಕು ಅಂದರೆ ಮಿಲನ್ ವೈಷ್ಣವ್ ನಡೆಸುವ ಗ್ರ್ಯಾಂಡ್ ತಮಾಷಾ. ಅಮಿತ್ ವರ್ಮಾ ಅವರ ದಿ ಸೀನ್ ಅಂಡ್ ದಿ ಅನ್‌ಸೀನ್ 2017ರಿಂದ ಬರುತ್ತಿದೆ. ಮೊದಮೊದಲು ಚಿಕ್ಕದಿತ್ತು. ಈಗ ನಾಲ್ಕೈದು ಗಂಟೆ ಮೀರುವ ಎಪಿಸೋಡ್‌ಗಳೂ ಇವೆ. ಅದನ್ನು ನಾನು ಒಂದು ವಾರ ಹಂಚಿಕೊಂಡು ಕೇಳುತ್ತೇನೆ. ಒಬ್ಬ ಮನುಷ್ಯ ಯಾವ ದಾರಿಯಲ್ಲಿ ಬಂದು ಈ ಅಭಿಪ್ರಾಯ ಕಟ್ಟಿಕೊಂಡ ಅಂತ ತಿಳಿಯಲು ಆ ಉದ್ದ ಬೇಕೇ ಬೇಕು.

ಬ್ರಿಟನ್ನಿನ ದಿ ರೆಸ್ಟ್ ಈಸ್ ಪಾಲಿಟಿಕ್ಸ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. 2022ರಲ್ಲಿ ಶುರುವಾಯಿತು. ಅಲಸ್ಟೇರ್ ಕ್ಯಾಂಪ್‌ಬೆಲ್ ಲೇಬರ್ ಪಕ್ಷದ ಪ್ರಧಾನಿ ಟೋನಿ ಬ್ಲೇರ್ ಅವರ ವಕ್ತಾರರಾಗಿದ್ದವರು. ರೋರಿ ಸ್ಟುವರ್ಟ್ ಕನ್ಸರ್ವೇಟಿವ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಎದುರು ಬದುರು ಪಕ್ಷಗಳಿಂದ ಬಂದ ಇಬ್ಬರು ಬೈದಾಡದೆ ಭಿನ್ನವಾಗಿ ಮಾತಾಡುವುದನ್ನು ಕೇಳುವುದೇ ಒಂದು ಖುಷಿ. ನಮ್ಮ ರಾಜ್ಯದಲ್ಲಿ ಇಂಥ ಜೋಡಿ ಯಾವಾಗ ಸಿಗುತ್ತದೋ ಅಂತ ಆಸೆಯಾಗುತ್ತದೆ. 2024ರಲ್ಲಿ ಸ್ಟುವರ್ಟ್ ಅಮೆರಿಕದಲ್ಲಿ ಕಮಲಾ ಹ್ಯಾರಿಸ್ ಗೆಲ್ಲುತ್ತಾರೆ ಅಂತ ಗಟ್ಟಿಯಾಗಿ ಹೇಳಿದ್ದರು. ಗೆದ್ದದ್ದು ಟ್ರಂಪ್. ಆಮೇಲೆ ತಮ್ಮ ಲೆಕ್ಕ ಎಲ್ಲಿ ತಪ್ಪಿತು ಅಂತ ಬಹಿರಂಗವಾಗಿಯೇ ಮಾತಾಡಿದರು. ಹೀಗೆ ತಿರುಗಿ ನೋಡುವವರನ್ನು ನಾನು ಬಿಡುವುದಿಲ್ಲ. ಆದರೆ ಭವಿಷ್ಯ ಹೇಳುವ ಭಾಗ ಬಂದಾಗ ಯಾರದ್ದೇ ಆಗಲಿ, ಮುಂದಕ್ಕೆ ಓಡಿಸುತ್ತೇನೆ. ಅದೇ ವರ್ಷ ನಮ್ಮ ಲೋಕಸಭೆಯ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಕೊಟ್ಟಿದ್ದವು. ಬಂದದ್ದು 293.

ಆ ಚುನಾವಣೆಯೇ ನಾನು ಒಂದು ಅಂಕ ಕಳೆಯಲು ಕಾರಣ. ಫಲಿತಾಂಶದ ವಾರ ಕಿವಿ ನೋಯುವಷ್ಟು ಕೇಳಿದೆ. ಉತ್ತರ ಪ್ರದೇಶದ ಒಂದೊಂದು ಕ್ಷೇತ್ರದ ಜಾತಿ ಲೆಕ್ಕ ಬಂತು. ಕರ್ನಾಟಕಕ್ಕೆ ಒಂದೇ ಸಾಲು: ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಆದರೆ ಆ ಒಂಬತ್ತರಲ್ಲಿ ಐದು ನಮ್ಮ ಕಲ್ಯಾಣ ಕರ್ನಾಟಕದವು. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ. 2019ರಲ್ಲಿ ಈ ಐದೂ ಬಿಜೆಪಿಯ ಕೈಯಲ್ಲಿದ್ದವು. ಒಂದು ಇಡೀ ಭಾಗ ಹೀಗೆ ಮಗ್ಗಲು ಬದಲಿಸಿತು ಅಂದರೆ ಅದರ ಹಿಂದೆ ಏನೋ ಇದೆ. ಗ್ಯಾರಂಟಿ ಯೋಜನೆಗಳಾ, ಮಲ್ಲಿಕಾರ್ಜುನ ಖರ್ಗೆ ಅವರು ಈ ಭಾಗದವರು ಅನ್ನುವುದಾ, ಬರವಾ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಗ್ಗೆ ಇರುವ ನಿರೀಕ್ಷೆಯಾ? ನಾನು ಕೇಳಿದ ಎಪಿಸೋಡ್‌ಗಳಲ್ಲಿ ಈ ಪ್ರಶ್ನೆಯನ್ನೇ ಯಾರೂ ಎತ್ತಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗಲೂ ಹಾಗೇ. ಮೂರು ರಾಜ್ಯಗಳ ನೀರು, ತುಂಗಭದ್ರಾ ಮಂಡಳಿ, ನಿರ್ವಹಣೆಯ ಹೊಣೆ ಯಾರದು ಅನ್ನುವ ದೊಡ್ಡ ಪ್ರಶ್ನೆ. ನನಗೆ ಗತಿಯಾದದ್ದು ಕನ್ನಡ ಪತ್ರಿಕೆಗಳು ಮತ್ತು ಆಕಾಶವಾಣಿಯ ಪ್ರದೇಶ ಸಮಾಚಾರ. ಹಾಗಾಗಿ ಪಾಡ್‌ಕಾಸ್ಟ್ ಬಂತು ಅಂತ ಪತ್ರಿಕೆ ಬಿಡಬೇಡಿ. ನಾನಂತೂ ಬಿಟ್ಟಿಲ್ಲ.

ಕನ್ನಡದಲ್ಲಿ ಏನಿದೆ? ತಲೆ-ಹರಟೆ ಇದೆ. 2018ರಿಂದ ಪವನ್ ಶ್ರೀನಾಥ್, ಸೂರ್ಯ ಪ್ರಕಾಶ್, ಗಣೇಶ್ ಚಕ್ರವರ್ತಿ ಸೇರಿ ಕಟ್ಟಿದ್ದು. ಕೋರ್ಟು, ಕಾನೂನು, ಆಡಳಿತ, ಇತಿಹಾಸ ಎಲ್ಲವನ್ನೂ ಮನೆಮಾತಿನಲ್ಲಿ ಹೇಳುತ್ತಾರೆ. ನನ್ನ ತಮ್ಮನ ಮಗಳು ಕೆಎಎಸ್ ಪರೀಕ್ಷೆಗೆ ಓದುವಾಗ ಇದನ್ನೇ ಮೊದಲು ಕೇಳಿಸಿದೆ. ದಿನದ ಸುದ್ದಿಗೆ ಅದು ಅಲ್ಲ, ಬುನಾದಿಗೆ. ಆದರೆ ಹೊರದೇಶದ ಸುದ್ದಿಯನ್ನು ದಿನಾ ಕನ್ನಡದಲ್ಲಿ ತಿಳಿಸಿ ಹೇಳುವ ಪಾಡ್‌ಕಾಸ್ಟ್ ನನಗೆ ಬೇಕು, ತುಂಬಾ ಬೇಕು. ಬಿಬಿಸಿ 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆ ಶುರು ಮಾಡಿತು. ತಮಿಳು, ಹಿಂದಿ ಮೊದಲೇ ಇದ್ದವು. ಕನ್ನಡ ಆ ಪಟ್ಟಿಯಲ್ಲಿ ಇಲ್ಲ. ಬಳ್ಳಾರಿ, ಸಿರುಗುಪ್ಪ ಕಡೆಯ ನನ್ನ ಸ್ನೇಹಿತರಿಗೆ ತೆಲುಗು ಸಲೀಸು, ಅವರು ಬಿಬಿಸಿ ತೆಲುಗು ನೋಡಿ ಗಾಜಾ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಕನ್ನಡ ಒಂದೇ ಬರುವವರು ಏನು ಮಾಡಬೇಕು? ಇದು ನನ್ನನ್ನು ನಿಜವಾಗಿ ನೋಯಿಸುವ ವಿಷಯ.

ಕನ್ನಡದಲ್ಲಿ ಯೂಟ್ಯೂಬ್ ಸಂದರ್ಶನಗಳು ಈಗ ಬೇಕಾದಷ್ಟಿವೆ. ಪಾಡ್‌ಕಾಸ್ಟ್ ಅಂತಲೇ ಕರೆದುಕೊಳ್ಳುತ್ತವೆ. ಎರಡು ದೊಡ್ಡ ಮೈಕು, ಎದುರಿಗೆ ರಾಜಕಾರಣಿ. ಅವುಗಳಲ್ಲಿ ನಾನು ನೋಡುವುದು ಎರಡನೇ ಪ್ರಶ್ನೆ ಇದೆಯಾ ಅಂತ. ಮೊದಲ ಪ್ರಶ್ನೆ ಯಾರಾದರೂ ಕೇಳುತ್ತಾರೆ. ಉತ್ತರ ಜಾರಿಕೊಂಡಾಗ "ಅದಲ್ಲ ಸಾರ್, ನಾನು ಕೇಳಿದ್ದು ಬೇರೆ" ಅನ್ನುವವರು ಬೆರಳೆಣಿಕೆಯಷ್ಟು. ಆ ಎರಡನೇ ಪ್ರಶ್ನೆ ಬರದಿದ್ದರೆ ಹತ್ತು ನಿಮಿಷಕ್ಕೇ ನಿಲ್ಲಿಸುತ್ತೇನೆ.

ಒಂದು ಅಪಾಯವನ್ನೂ ಹೇಳಬೇಕು. ದಿನಾ ಕಿವಿಯಲ್ಲಿ ಒಂದೇ ದನಿ ಕೇಳಿದರೆ ಆ ಮನುಷ್ಯ ಮನೆಯವನಂತೆ ಆಗಿಬಿಡುತ್ತಾನೆ. ಅವನ ಅಭಿಪ್ರಾಯ ನಮ್ಮ ಬಾಯಿಂದ ಬರಲು ಶುರುವಾಗುತ್ತದೆ. ಅದಕ್ಕೇ ಒಂದು ದೊಡ್ಡ ವಿಷಯಕ್ಕೆ ಕನಿಷ್ಠ ಎರಡು ಕಡೆಯವರನ್ನು ಕೇಳುವುದು ಒಳ್ಳೆಯದು. ಕ್ಷೇತ್ರ ಮರುವಿಂಗಡಣೆ ವಿಷಯದಲ್ಲಿ ನಾನು ಹಾಗೇ ಮಾಡಿದೆ. ಲೋಕಸಭೆ ಸೀಟುಗಳ ರಾಜ್ಯವಾರು ಹಂಚಿಕೆ 1971ರ ಜನಗಣತಿಯ ಮೇಲೆ ನಿಂತಿದೆ. ಆ ಹಂಚಿಕೆ ಬದಲಾಗದಂತೆ 1976ರಲ್ಲಿ ತಡೆದರು, 2001ರಲ್ಲಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಂದೂಡಿದರು. ಜನಸಂಖ್ಯೆ ಹಿಡಿತದಲ್ಲಿಟ್ಟ ನಮಗೆ ಸೀಟಿನ ಪಾಲು ಕಡಿಮೆಯಾಗಬಾರದು ಅನ್ನುವ ದಕ್ಷಿಣದವರ ವಾದ ನನಗೆ ಮೊದಲೇ ಗೊತ್ತಿತ್ತು. ಬಿಹಾರದ ಒಬ್ಬ ಸಂಸದ ನಮಗಿಂತ ಎಷ್ಟು ಜಾಸ್ತಿ ಜನರನ್ನು ನೋಡಿಕೊಳ್ಳಬೇಕು ಅನ್ನುವ ಅವರ ಕಡೆಯ ಕಷ್ಟ ಕೇಳಿದ ಮೇಲೆ ನನ್ನ ನಿಲುವು ಬದಲಾಗಲಿಲ್ಲ, ಆದರೆ ಮಾತಾಡುವ ರೀತಿ ಬದಲಾಯಿತು. ಇಂಥ ನಿಧಾನದ ವಿಷಯಗಳಿಗೆ ಪಾಡ್‌ಕಾಸ್ಟ್‌ನಷ್ಟು ಒಳ್ಳೆಯದು ಬೇರೆ ಇಲ್ಲ.

ಇಂಗ್ಲಿಷ್ ಅಂತ ಹೆದರುವವರಿಗೆ: ನಾನೂ ಕನ್ನಡ ಮಾಧ್ಯಮದವನೇ. ಮೊದಲು ವೇಗ 0.8ಕ್ಕೆ ಇಟ್ಟುಕೊಂಡು ಕೇಳಿ. ಭಾರತದವರ ಇಂಗ್ಲಿಷ್‌ನಿಂದ ಶುರು ಮಾಡಿ, ಬ್ರಿಟಿಷರದ್ದು ಆಮೇಲೆ. ಆ್ಯಪ್‌ನಲ್ಲಿ ನನ್ನ ಆಯ್ಕೆ ಆಂಟೆನಾಪಾಡ್. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ನಿಂತ ಮೇಲೆ ಇದಕ್ಕೆ ಬಂದೆ. ಪುಕ್ಕಟೆ, ಖಾತೆ ತೆರೆಯುವುದು ಬೇಡ, ಆ್ಯಪ್‌ನದೇ ಜಾಹೀರಾತು ಇಲ್ಲ. ಮನೆಯ ವೈಫೈನಲ್ಲಿ ತಾನೇ ಡೌನ್‌ಲೋಡ್ ಮಾಡಿಕೊಳ್ಳುತ್ತದೆ. ಅರ್ಧ ಗಂಟೆಯ ಎಪಿಸೋಡ್‌ಗೆ ಸುಮಾರು 30 ಎಂಬಿ. ದಾರಿಯಲ್ಲಿ ಸಿಗ್ನಲ್ ಹೋದರೂ ಚಿಂತೆ ಇಲ್ಲ.

ಕೇಳಿದ್ದು ಕೆಲಸಕ್ಕೆ ಬರುತ್ತದಾ ಅಂತ ಕೇಳುತ್ತಾರೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ಯುದ್ಧದ ಹೊತ್ತಿಗೆ ನಮ್ಮ ಗಿರಣಿಗೆ ಬಂದ ಲಾರಿ ಡ್ರೈವರ್ ಒಬ್ಬರು ಕೇಳಿದರು, "ಸಾರ್, ಡೀಸೆಲ್ ಏರತೈತೇನ್ರೀ?" ಹೊರ್ಮುಜ್ ಜಲಸಂಧಿ, ಜಗತ್ತಿನ ತೈಲದ ಸುಮಾರು ಐದನೇ ಒಂದು ಪಾಲು ಅಲ್ಲಿಂದಲೇ ಹೋಗುತ್ತದೆ ಅಂತ ನಕ್ಷೆ ತೋರಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಏಪ್ರಿಲ್‌ನಾಗ ಎರಡು ರೂಪಾಯಿ ಏರಿತಲ್ರೀ, ಆವಾಗ ಯಾವ ಯುದ್ಧ ಇತ್ತು?" ಅಂದರು. ಸರಿಯಾದ ಪ್ರಶ್ನೆ. ಆ ಏರಿಕೆ ರಾಜ್ಯ ಸರ್ಕಾರ ಮಾರಾಟ ತೆರಿಗೆ ಹೆಚ್ಚಿಸಿದ್ದರಿಂದ ಬಂದದ್ದು, ಲಾರಿ ಮಾಲೀಕರು ಮುಷ್ಕರವನ್ನೂ ಮಾಡಿದ್ದರು. ಇಬ್ಬರೂ ಚಹಾ ಕುಡಿಯುತ್ತಾ ಬಹಳ ಹೊತ್ತು ಮಾತಾಡಿದೆವು. ಆ ಯುದ್ಧ 12 ದಿನಕ್ಕೆ ನಿಂತಿತು, ಜಲಸಂಧಿ ಆಗ ಮುಚ್ಚಲಿಲ್ಲ.

ಎಲ್ಲಿಂದ ಶುರು ಮಾಡಲಿ ಅನ್ನುವವರು ತಮ್ಮ ಕಸುಬಿನಿಂದಲೇ ಶುರು ಮಾಡಿ. ರಾಯಚೂರಿನ ಹತ್ತಿಯವರಾದರೆ, 2025ರ ಆಗಸ್ಟ್‌ನಲ್ಲಿ ಹತ್ತಿಯ ಮೇಲಿನ ಶೇಕಡಾ 11 ಆಮದು ಸುಂಕವನ್ನು ಕೇಂದ್ರ ತಾತ್ಕಾಲಿಕವಾಗಿ ತೆಗೆದದ್ದು, ಅದೇ ತಿಂಗಳು ಅಮೆರಿಕ ನಮ್ಮ ಸರಕಿನ ಮೇಲೆ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದ್ದು, ಈ ಎರಡನ್ನೂ ಒಟ್ಟಿಗೆ ಹೇಳುವ ಎಪಿಸೋಡ್ ಹುಡುಕಿ. ಉಕ್ಕಿನ ಕಾರ್ಖಾನೆ, ಗಣಿ ಇರುವ ತೋರಣಗಲ್ಲು, ಸಂಡೂರು ಕಡೆಯವರಾದರೆ 2025ರ ಏಪ್ರಿಲ್‌ನಲ್ಲಿ ಹೊರಗಿನ ಉಕ್ಕಿನ ಮೇಲೆ ಹಾಕಿದ ಶೇಕಡಾ 12 ಸುಂಕ, ಅದರ ಹಿಂದಿರುವ ಚೀನಾದ ಉಕ್ಕಿನ ಕಥೆ. ಅದರಲ್ಲಿ ಮಾತಾಡುವವರು ನಿಮ್ಮ ಸರಕನ್ನು ಸರಿಯಾಗಿ ಹೇಳಿದರೆ, ಅವರ ಮುಂದಿನ ಎಪಿಸೋಡ್ ಯಾವ ದೇಶದ್ದೇ ಇರಲಿ, ಡೌನ್‌ಲೋಡ್ ಮಾಡಿಕೊಳ್ಳಿ.