ಒತ್ತಡದ ತಲೆನೋವಿಗೆ ಶಾಖ, ಸೂಜಿ, ಸ್ನಾಯು ಸಡಿಲಿಕೆ: ಬಳಸಿ ನೋಡಿದ ಮೇಲಿನ ಹೋಲಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಅರ್ಜಿಗಳನ್ನು ಕನ್ನಡದಿಂದ ಮಲಯಾಳಕ್ಕೂ ಮಲಯಾಳದಿಂದ ಕನ್ನಡಕ್ಕೂ ಅನುವಾದಿಸಿ ಬೆರಳಚ್ಚು ಮಾಡಿಕೊಡುವುದು ನನ್ನ ಕೆಲಸ. ಸಂಜೆಯಾಗುತ್ತಲೇ ಹಣೆಯಿಂದ ಹಿಂದಲೆಯವರೆಗೆ ಎರಡೂ ಬದಿಯಲ್ಲಿ ಬಿಗಿದು ಹಿಡಿಯುವ ನೋವು ವರ್ಷಗಳಿಂದ ಜತೆಗಿದೆ. ವಾಂತಿಯಿಲ್ಲ, ಮೆಟ್ಟಿಲು ಹತ್ತಿದರೆ ಹೆಚ್ಚುವುದಿಲ್ಲ, ನಾಡಿ ಮಿಡಿದಂತೆ ಬಡಿಯುವುದೂ ಇಲ್ಲ. ಈ ಲಕ್ಷಣಗಳನ್ನು ನೋಡಿ ಮಂಗಳೂರಿನ ನರರೋಗ ತಜ್ಞರು ಇದನ್ನು ಒತ್ತಡದ ತಲೆನೋವು ಎಂದು ನಿರ್ಣಯಿಸಿದರು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಅದಕ್ಕೂ ಹೆಚ್ಚು ದಿನ ನುಂಗುತ್ತ 3 ತಿಂಗಳು ದಾಟಿದರೆ ಮಾತ್ರೆಯೇ ತಲೆನೋವನ್ನು ತರಬಲ್ಲುದೆಂದು ಅವರು ಎಚ್ಚರಿಸಿದ ಕಾರಣ, ಔಷಧವಿಲ್ಲದ ದಾರಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಮಿಂದ ಮೇಲೆ ನೆತ್ತಿಗೆ ಹಾಕುವ ರಾಸ್ನಾದಿ ಚೂರ್ಣ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದೂ ಔಷಧವೇ ಆದುದರಿಂದ ಇಲ್ಲಿ ಸೇರಿಸಿಲ್ಲ.

ಬೇಗನೆ ಆರಾಮ ಕೊಡುವುದರಲ್ಲಿ ಬಿಸಿ ಶಾಖಕ್ಕೆ ಸಾಟಿಯಿಲ್ಲ. ಹಂಡೆಯ ಬಿಸಿನೀರಿನಲ್ಲಿ ಬೈರಾಸನ್ನು (ಮೈ ಒರೆಸುವ ಬಟ್ಟೆಯನ್ನು) ಅದ್ದಿ ಹಿಂಡಿ ಕುತ್ತಿಗೆಗೂ ಹೆಗಲಿಗೂ ಹೊದೆದುಕೊಂಡು ಕುಳಿತರೆ, ಬೈರಾಸು ತಣಿಯುವ ಹೊತ್ತಿಗೆ ಬಿಗಿತ ಅರ್ಧ ಇಳಿದಿರುತ್ತದೆ. ಎಣ್ಣೆ ಹಚ್ಚಿ ತಲೆ ತಿಕ್ಕಿಸಿಕೊಂಡಾಗಲೂ ಅಷ್ಟೇ ಹಿತವೆನಿಸುತ್ತದೆ, ಆದರೆ ಅದಕ್ಕೆ ಇನ್ನೊಬ್ಬರ ಬಿಡುವು ಬೇಕು. ಇವೆರಡೂ ಅಂದಿನ ನೋವನ್ನು ತಗ್ಗಿಸಿದವು. ಮರುದಿನ ಬರುವುದನ್ನು ತಡೆಯಲಿಲ್ಲ.

ತಡೆಯುವ ವಿಷಯದಲ್ಲಿ ಆಕ್ಯುಪಂಕ್ಚರಿಗೆ, ಎಂದರೆ ಸೂಜಿ ಚಿಕಿತ್ಸೆಗೆ, ಆಧಾರವಿದೆ. ದೀರ್ಘಕಾಲದ ಒತ್ತಡದ ತಲೆನೋವಿಗೆ 5ರಿಂದ 8 ವಾರಗಳಲ್ಲಿ ಗರಿಷ್ಠ 10 ಬಾರಿ ಸೂಜಿ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಚಿಕಿತ್ಸೆಯ ಮಾರ್ಗಸೂಚಿಗಳನ್ನು ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲಿ ಹೇಳಿತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆಯೂ ಪ್ರಯೋಜನವನ್ನು ಕಂಡಿತು, ಆದರೆ ನಿಜವಾದ ಸೂಜಿ ಚಿಕಿತ್ಸೆಗೂ ಹೋಲಿಕೆಗೆಂದು ಮಾಡುವ ತೋರಿಕೆಯ ಚಿಕಿತ್ಸೆಗೂ ಇರುವ ಅಂತರ ಸಣ್ಣದೆಂದು ತೋರಿಸಿತು. ನನಗೆ ನೋವಿನ ದಿನಗಳು ಕಡಿಮೆಯಾದದ್ದು ನಿಜ. ಆದರೂ ಕುಂಬಳೆಯಲ್ಲಿ ಬಸ್ಸು ಬದಲಾಯಿಸಿ ಮಂಗಳೂರಿಗೆ ಹೋಗಿಬರುವುದರಲ್ಲಿ ಅರ್ಧ ದಿನದ ಕೆಲಸವೂ ಕೈಯಲ್ಲಿದ್ದ ಹಣವೂ ಹೋಗುತ್ತಿದ್ದವು. ಚಿಕಿತ್ಸೆ ನಿಂತ ಬಳಿಕ ಅದರ ಗುಣವೂ ಮೆಲ್ಲನೆ ಇಳಿಯಿತು.

ಇವೆಲ್ಲಕ್ಕಿಂತ ನಾನು ಮೇಲಿಡುವುದು ಸ್ನಾಯು ಸಡಿಲಿಕೆಯ ಅಭ್ಯಾಸವನ್ನು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಇದನ್ನು ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದರು. ಕೈ, ಹೆಗಲು, ಹಣೆ, ದವಡೆ ಎಂದು ಒಂದೊಂದೇ ಸ್ನಾಯುಗುಂಪನ್ನು ಐದಾರು ಸೆಕೆಂಡು ಬಿಗಿಹಿಡಿದು, ಬಳಿಕ ಅರ್ಧ ನಿಮಿಷದಷ್ಟು ಪೂರ್ತಿ ಸಡಿಲ ಬಿಟ್ಟು, ಎರಡು ಸ್ಥಿತಿಗಳ ವ್ಯತ್ಯಾಸವನ್ನು ಗಮನಿಸುವುದಷ್ಟೇ ಕ್ರಮ. ಮೊದಲ ವಾರಗಳಲ್ಲಿ ಏನೂ ಅನಿಸದಿರುವುದರಿಂದ ಹಲವರು ಇಲ್ಲಿಯೇ ಕೈಬಿಡುತ್ತಾರೆ. ಅಭ್ಯಾಸ ಕೂಡಿಬಂದ ಮೇಲೆ, ಉದ್ದದ ಸರ್ವೆ ನಂಬರುಗಳನ್ನು ಬೆರಳಚ್ಚಿಸುವಾಗ ಹಲ್ಲು ಕಚ್ಚಿರುವುದೂ ಎಡ ಹೆಗಲು ಕಿವಿಯತ್ತ ಏರಿರುವುದೂ ಕೆಲಸದ ನಡುವೆಯೇ ತಿಳಿಯತೊಡಗಿತು, ತಿಳಿದ ಕ್ಷಣದಲ್ಲೇ ಅವನ್ನು ಇಳಿಸಲು ಸಾಧ್ಯವಾಯಿತು. ಶಾಖದಿಂದಾಗಲಿ ಸೂಜಿಯಿಂದಾಗಲಿ ಈ ಅರಿವು ಬಂದಿರಲಿಲ್ಲ. ಇದರೊಂದಿಗೆ ಫಿಸಿಯೋಥೆರಪಿಸ್ಟರು ಕಲಿಸಿದಂತೆ, ತಲೆ ಬಾಗಿಸದೆ ಗದ್ದವನ್ನು ನೇರವಾಗಿ ಹಿಂದಕ್ಕೆಳೆದು ಹಿಡಿಯುವ ವ್ಯಾಯಾಮವನ್ನೂ ಮಾಡುತ್ತೇನೆ. ಕಂಪ್ಯೂಟರಿನ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸದೆ ಇದನ್ನು ಮಾಡಿದಾಗ ಪ್ರಯೋಜನ ಅಷ್ಟಕ್ಕಷ್ಟೇ ಇತ್ತು. ಸ್ನಾಯುವಿನ ಬಿಗಿತವನ್ನು ಯಂತ್ರದಲ್ಲಿ ತೋರಿಸಿ ಸಡಿಲಿಸಲು ಕಲಿಸುವ ಬಯೋಫೀಡ್‌ಬ್ಯಾಕ್ ನಮ್ಮ ಆಸುಪಾಸಿನಲ್ಲಿ ನನಗೆ ದೊರೆಯದ ಕಾರಣ ಅದನ್ನು ಹೋಲಿಸಲಾರೆ.

ಈ ಯಾವ ದಾರಿಯನ್ನೂ ಹಿಡಿಯುವ ಮೊದಲು ರೋಗನಿರ್ಣಯ ಆಗಿರಲೇಬೇಕು. ಹಠಾತ್ತನೆ ಬಂದು ಕ್ಷಣಗಳಲ್ಲಿ ಅತಿ ತೀವ್ರವಾಗುವ ನೋವು, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲಿನ ಬಲಹೀನತೆ ಅಥವಾ ಮಾತಿನ ತೊದಲು ಕಂಡರೆ ಬೈರಾಸು ಅದ್ದುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 50 ವರ್ಷ ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ವೈದ್ಯರಿಗೆ ತೋರಿಸದೆ ಬಿಡಬಾರದು.