ಮೂರು ಹಳೆಯ ಬೆಳ್ಳಿ ಡಾಲರ್‌ಗಳು: 1795, 1797 ಮತ್ತು 1799

ಅಮೆರಿಕದ ಆರಂಭಕಾಲದ ಬೆಳ್ಳಿ ಡಾಲರ್ ಒಂದನ್ನಾದರೂ ಹೊಂದಬೇಕೆಂದು ಬಯಸುವ ಸಂಗ್ರಾಹಕನಿಗೆ ಮೂರು ಬಗೆಗಳು ಎದುರಾಗುತ್ತವೆ. ಸ್ವಾತಂತ್ರ್ಯದೇವಿಯ ಕೂದಲು ಹರಡಿಕೊಂಡಿರುವ, 1794–95ರ 'ಫ್ಲೋಯಿಂಗ್ ಹೇರ್' ಮೊದಲನೆಯದು. 1795ರಿಂದ 1798ರವರೆಗಿನ, ದೇವಿಯ ಎದೆಗೆ ವಸ್ತ್ರ ಹೊದಿಸಿ ಹಿಂಭಾಗದಲ್ಲಿ ಸಣ್ಣ ಹದ್ದನ್ನಿಟ್ಟ 'ಡ್ರೇಪ್ಡ್ ಬಸ್ಟ್' ಎರಡನೆಯದು. 1798ರಲ್ಲಿ ಆರಂಭವಾದ, ಎದೆಯ ಮೇಲೆ ಗುರಾಣಿ ಹೊತ್ತ ಲಾಂಛನದ ಹದ್ದಿರುವ ಡ್ರೇಪ್ಡ್ ಬಸ್ಟ್ ಮೂರನೆಯದು. 1794ರ ನಾಣ್ಯವೊಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರ್ ದಾಟಿತು; 1804ರ ಇಸವಿ ಹೊತ್ತವು ಒಟ್ಟು ಹದಿನೈದೇ ಇವೆ, ಅವೂ 1834ರಿಂದ ಈಚೆಗೆ ಅಚ್ಚಾದವು. ಆದ್ದರಿಂದ ಇವೆರಡನ್ನೂ ಬದಿಗಿಟ್ಟು, ನಾನು ಕೊಂಡು ಕೈಯಲ್ಲಿ ಹಿಡಿದು ನೋಡಿದ 1795, 1797 ಮತ್ತು 1799ರ ನಾಣ್ಯಗಳನ್ನಷ್ಟೇ ಇಲ್ಲಿ ಹೋಲಿಸುತ್ತೇನೆ.

1792ರ ಕಾಯಿದೆಯ ಪ್ರಕಾರ ಮೂರರ ತೂಕವೂ ಒಂದೇ, ಸುಮಾರು 26.96 ಗ್ರಾಂ. ಕಂಪನಿ ಕಾಲದ 11.66 ಗ್ರಾಂ ರೂಪಾಯಿಗೆ ಒಗ್ಗಿದ ಕೈಗೆ ಈ ಭಾರ ಮೊದಲ ಸಲ ವಿಚಿತ್ರವೆನಿಸುತ್ತದೆ. ನಾಣ್ಯದ ಬೆಲೆ ಮುಂಭಾಗದಲ್ಲೂ ಇಲ್ಲ, ಹಿಂಭಾಗದಲ್ಲೂ ಇಲ್ಲ. 'ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್' ಎಂದು ಅಂಚಿನ ಮೇಲೆ ಮಾತ್ರ ಬರೆದಿದೆ.

ಕೈಗೆತ್ತಿಕೊಂಡ ಕ್ಷಣಕ್ಕೆ ಹೆಚ್ಚು ಖುಷಿ ಕೊಡುವುದು 1795ರ ಫ್ಲೋಯಿಂಗ್ ಹೇರ್. ನನ್ನದು ಸಾಕಷ್ಟು ಸವೆದದ್ದು, ಕೂದಲೆಳೆಗಳು ಒಂದಾಗಿಹೋಗಿವೆ. ಆದರೆ ಹಿಂಭಾಗದಲ್ಲಿ ಹದ್ದಿನ ರೆಕ್ಕೆಯನ್ನು ಹಾದು ಸಾಗುವ ಸಮಾನಾಂತರ ಗೀರುಗಳು ಭೂತಗನ್ನಡಿಯಲ್ಲಿ ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಖಾಲಿ ಬಿಲ್ಲೆ ತೂಕಕ್ಕಿಂತ ಹೆಚ್ಚಿದ್ದರೆ, ಅಚ್ಚು ಹಾಕುವ ಮೊದಲೇ ಅದನ್ನು ಅರದಿಂದ ಉಜ್ಜಿ ಸರಿಪಡಿಸುತ್ತಿದ್ದರು. ಆ ಉಜ್ಜಿನ ಗುರುತುಗಳನ್ನು ಅಚ್ಚಿನ ಒತ್ತಡವೂ ಪೂರ್ತಿ ಅಳಿಸುತ್ತಿರಲಿಲ್ಲ. ತೂಕ ಕಡಿಮೆಯಿದ್ದ ಕೆಲವು ಬಿಲ್ಲೆಗಳಿಗೆ ನಡುವೆ ಬೆಳ್ಳಿಯ ಬೆಣೆ ಹೊಡೆದು ಅಚ್ಚು ಹಾಕಿದ್ದೂ ಉಂಟು, ಮತ್ತು ಅಂಥವಕ್ಕೆ ಸಂಗ್ರಾಹಕರು ಹೆಚ್ಚು ಹಣ ತೆರುತ್ತಾರೆ. ಅದೇ ನಾಣ್ಯಕ್ಕೆ ಆಮೇಲೆ ಯಾರೋ ಸರಪಳಿಗೆಂದು ತೂತು ಕೊರೆದು ಮುಚ್ಚಿದ್ದರೆ ಬೆಲೆ ಕುಸಿಯುತ್ತದೆ. ಈ ಎರಡನ್ನೂ ಬೇರ್ಪಡಿಸಿ ನೋಡಲು ಕಲಿಯದೆ ಫ್ಲೋಯಿಂಗ್ ಹೇರ್‌ಗೆ ಕೈಹಾಕುವುದು ಅಪಾಯ.

1797ರ ನಾಣ್ಯ ಕಾಗದದ ಮೇಲೆ ಅತ್ಯಂತ ಅಪರೂಪದ್ದು. ಟಂಕಸಾಲೆಯ ಲೆಕ್ಕದಲ್ಲಿ ಆ ವರ್ಷ 7,776 ಡಾಲರ್‌ಗಳಷ್ಟೇ ಇವೆ, ಹಳೆಯ ಅಚ್ಚುಗಳನ್ನೇ ಮುಂದಿನ ವರ್ಷವೂ ಬಳಸುತ್ತಿದ್ದ ಕಾರಣ ಆ ಲೆಕ್ಕವನ್ನು ಅಕ್ಷರಶಃ ನಂಬುವಂತಿಲ್ಲವಾದರೂ. ಟೆನೆಸೀ ಹದಿನಾರನೆಯ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿದ್ದರಿಂದ ಅದರ ಮೇಲೆ ಹದಿನಾರು ನಕ್ಷತ್ರಗಳಿವೆ. ಇಷ್ಟೆಲ್ಲ ಇದ್ದರೂ ನನಗೆ ಅದು ಹಿಡಿಸಲಿಲ್ಲ. ಮೋಡದ ಮೇಲೆ ಕುಳಿತ ಆ ಬಡಕಲು ಹದ್ದಿನ ಎದೆಯೇ ಮೊದಲು ಸವೆಯುವುದರಿಂದ, ಕೈಗೆಟುಕುವ ಗ್ರೇಡ್‌ಗಳಲ್ಲಿ (ಸವೆತದ ದರ್ಜೆಗಳಲ್ಲಿ) ಹಿಂಭಾಗ ಬರಿಯ ನೆರಳಿನಂತೆ ಕಾಣುತ್ತದೆ. ಮಾರಿದ್ದು ಇದನ್ನೇ.

1799ರದ್ದು ಈ ಸರಣಿಯಲ್ಲೇ ಹೇರಳವಾಗಿ ಸಿಗುವಂಥದ್ದು. ಆ ವರ್ಷದ ಲೆಕ್ಕ 4,23,515. ಬಹಳ ಸವೆದ 1795ಕ್ಕೆ ಕೊಡುವ ಹಣಕ್ಕೇ ಹೆಚ್ಚುಕಡಿಮೆ 'ವೆರಿ ಫೈನ್' ಎಂಬ, ಮಿತವಾಗಿ ಸವೆದ ದರ್ಜೆಯ 1799 ದೊರೆಯುತ್ತದೆ, ಅದರಲ್ಲಿ ಗುರಾಣಿಯ ಗೆರೆಗಳನ್ನೂ ರೆಕ್ಕೆಯ ಗರಿಗಳನ್ನೂ ಬಿಡಿಬಿಡಿಯಾಗಿ ಎಣಿಸಬಹುದು. ಅಚ್ಚಿನ ಪ್ರಭೇದಗಳೂ ಹಲವು. ಒಂದರಲ್ಲಿ ಕೆತ್ತನೆಗಾರ ಹದ್ದಿನ ಮೇಲೆ ಹದಿಮೂರರ ಬದಲು ಹದಿನೈದು ನಕ್ಷತ್ರಗಳನ್ನು ಒತ್ತಿ, ಹೆಚ್ಚಾದ ಎರಡನ್ನು ತುದಿಯ ಮೋಡಗಳನ್ನು ಹಿಗ್ಗಿಸಿ ಮುಚ್ಚಲು ಹೋಗಿದ್ದಾನೆ. ಮೊನೆಗಳು ಮೋಡದಿಂದ ಹೊರಗಿಣುಕುತ್ತಲೇ ಇವೆ! ಹದ್ದಿನ ಬಲಗಾಲಿನಲ್ಲಿ ಬಾಣಗಳೂ ಎಡಗಾಲಿನಲ್ಲಿ ಆಲಿವ್ ಕೊಂಬೆಯೂ ಇರುವುದು ರಾಷ್ಟ್ರಮುದ್ರೆಗೆ ತದ್ವಿರುದ್ಧ.

ಒಂದೇ ಒಂದನ್ನು ಕೊಳ್ಳುವವರಿಗೆ ನನ್ನ ಆಯ್ಕೆ 1799, 1795ರ ಮೇಲೆ ನನಗೆ ಪ್ರೀತಿ ಹೆಚ್ಚಿದ್ದರೂ. ಆದರೆ ಹೆಚ್ಚು ನಕಲಿಯಾಗುವ ಇಸವಿಗಳಲ್ಲಿ ಅದೂ ಒಂದು, ಆದ್ದರಿಂದ ಬಿಡಿ ನಾಣ್ಯ ಕೊಳ್ಳುವಾಗ ತಕ್ಕಡಿಯ ಜೊತೆಗೆ ಅಂಚನ್ನೂ ನಂಬಿ: ಅಲ್ಲಿ ಅಕ್ಷರಗಳ ಬದಲು ನಂತರದ ಮಾರ್ಗನ್ ಡಾಲರ್‌ನಂತೆ ಅಡ್ಡಗೆರೆಗಳಿದ್ದರೆ ಮಾತು ಮುಂದುವರಿಸಬೇಕಿಲ್ಲ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆ ದೃಢೀಕರಿಸಿ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಅಂದರೆ ಸ್ಲ್ಯಾಬ್‌ನಲ್ಲಿ, ಈ ಭಯ ಬಹುಮಟ್ಟಿಗೆ ಇಲ್ಲ. ಅಂಚಿನ ಬರಹ ಕಾಣುವಂಥ ಸ್ಲ್ಯಾಬ್ ಸಿಕ್ಕರೆ ತುಸು ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳುವುದು ಒಳ್ಳೆಯದು.